ಹೆಂಚು ತೆಗೆದ ಅಡುಗೆಮನೆಯ ಕನಸು: ಇದು ಯಾವ ಜನ್ಮದ್ದು?

ಚಾಮರಾಜಪೇಟೆ ಪುಟ್ಟಿ (ಶುಕ್ರವಾರ, ರಾತ್ರಿ 11:20)

ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಒದ್ದಾಡಿದ್ದೇನೆ. ಮನೆಯಲ್ಲಿ ಹೇಳಿದರೆ ನಗುತ್ತಾರೆ. ಆಫೀಸಿನಲ್ಲಿ ಹೇಳುವ ಹಾಗೇ ಇಲ್ಲ. ಹೆಸರು ನೋಡಿ ಚಿಕ್ಕ ಹುಡುಗಿ ಅಂದುಕೊಳ್ಳಬೇಡಿ, ನನಗೆ 46.

ನನಗೆ ಒಂದು ಕನಸು ಬೀಳುತ್ತದೆ. ಹೈಸ್ಕೂಲಿನಲ್ಲಿದ್ದಾಗಿನಿಂದ, ವರ್ಷಕ್ಕೆ ಎರಡು ಮೂರು ಸಲ. ಒಂದಕ್ಷರ ಬದಲಾಗುವುದಿಲ್ಲ. ನಾನು ಒಂದು ಹಳೇ ಅಡುಗೆಮನೆಯಲ್ಲಿ ನಿಂತಿದ್ದೇನೆ. ಸಗಣಿ ಸಾರಿಸಿದ ನೆಲ. ಒಲೆ ಆರಿದೆ. ಗೋಡೆಗೆ ಒರಗಿಸಿ ಅಡಕಲು ಗಡಿಗೆಗಳನ್ನು ಇಟ್ಟಿದ್ದಾರೆ, ತಲೆ ಎತ್ತಿ ನೋಡುವಷ್ಟು ಎತ್ತರ. ಮೇಲೆ ಯಾರೋ ಹತ್ತಿ ಹೆಂಚು ತೆಗೆಯುತ್ತಿದ್ದಾರೆ. ಒಂದೊಂದು ಹೆಂಚು ತೆಗೆದಾಗಲೂ ಒಂದೊಂದು ತುಂಡು ಬಿಸಿಲು ನೆಲಕ್ಕೆ ಬೀಳುತ್ತದೆ. ಮಸಿ ಹಿಡಿದ ತೊಲೆ ಕಾಣುತ್ತದೆ. ಆ ಬಿಸಿಲಲ್ಲಿ ಒಂದು ಬೆಕ್ಕು ಬಂದು ಕೂತುಕೊಳ್ಳುತ್ತದೆ. ಈ ಜಾಗ ಯಾವತ್ತೂ ಬಿಸಿಲು ಕಂಡಿಲ್ಲ ಅಂತ ನನಗೆ ಕನಸಿನಲ್ಲಿ ಗೊತ್ತಿರುತ್ತದೆ. ಹೊರಗಡೆ ಒಬ್ಬ ಹೆಂಗಸು ಗಂಟು ಕಟ್ಟುತ್ತಾ "ಬಾ, ಹಿಂದೆ ನೋಡಬೇಡ" ಅನ್ನುತ್ತಾಳೆ. ನಾನು ಹಿಂದೆ ನೋಡುತ್ತೇನೆ. ಎಚ್ಚರ ಆಗುತ್ತದೆ. ಬೇವಿನ ಸೊಪ್ಪು ಸುಟ್ಟ ಹೊಗೆ ಮೂಗಿನಲ್ಲಿ ಹಾಗೇ ಉಳಿದಿರುತ್ತದೆ.

ಅಂಥ ಮನೆಯಲ್ಲಿ ನಾನು ಇರಲೇ ಇಲ್ಲ. ನಮ್ಮ ಮನೆಗೆ ರೆಡ್ ಆಕ್ಸೈಡ್ ನೆಲ, ಗ್ಯಾಸ್ ಒಲೆ. ಯಾರೂ ಇಂಥ ಕಥೆ ಹೇಳಿದ ನೆನಪಿಲ್ಲ. ಈಗ ಎರಡು ತಿಂಗಳಿಂದ ವಾರಕ್ಕೊಂದು ಸಲ ಬೀಳುತ್ತಿದೆ. ಪಕ್ಕದ ಮನೆಯವರು "ಇದು ಪೂರ್ವಜನ್ಮದ ನೆನಪೇ, ಅನುಮಾನವೇ ಬೇಡ" ಅಂದುಬಿಟ್ಟರು. ನಾನು ದೇವರನ್ನು ನಂಬುತ್ತೇನೆ, ಪುನರ್ಜನ್ಮದ ವಿಷಯದಲ್ಲಿ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

ನಿದ್ದೆಗೆಟ್ಟ ಜಯನಗರ (ಶುಕ್ರವಾರ, ರಾತ್ರಿ 11:52)

ಮೇಡಂ, ನಾನು ನೈಟ್ ಶಿಫ್ಟಿನವನು, ನಿದ್ದೆ ಬಗ್ಗೆ ಓದಿದ್ದೇ ಓದಿದ್ದು. ಮೊದಲು ಒಂದು ಪ್ರಶ್ನೆ. ಬೆಳಗಿನ ಜಾವ ಬೀಳುತ್ತಾ ಈ ಕನಸು?

ಚಾಮರಾಜಪೇಟೆ ಪುಟ್ಟಿ (ಶುಕ್ರವಾರ, ರಾತ್ರಿ 11:58)

ಹೌದು. ನಾಲ್ಕೂವರೆ, ಐದು. ಹಾಲಿನವನ ಸ್ಕೂಟರ್ ಸದ್ದಾಗುವ ಹೊತ್ತು.

ನಿದ್ದೆಗೆಟ್ಟ ಜಯನಗರ (ಶನಿವಾರ, ರಾತ್ರಿ 12:15)

ಅದೇ ಅಂದುಕೊಂಡೆ. ಕನಸು ದಟ್ಟವಾಗಿ ಬೀಳುವುದು ರೆಮ್ ನಿದ್ದೆಯಲ್ಲಿ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುವ ನಿದ್ದೆ. 1953ರಲ್ಲಿ ಷಿಕಾಗೋದಲ್ಲಿ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಅನ್ನುವವರು ಇದನ್ನು ಗುರುತಿಸಿದರು. ಸುಮಾರು ಒಂದೂವರೆ ಗಂಟೆಗೊಮ್ಮೆ ಬರುತ್ತದೆ. ರಾತ್ರಿ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ, ಬೆಳಗಾಗುತ್ತಾ ಉದ್ದ ಆಗುತ್ತಾ ಹೋಗುತ್ತದೆ. "ಬೆಳಗಿನ ಜಾವದ ಕನಸು ನಿಜ ಆಗುತ್ತೆ" ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ನಿಜ ಆಗುತ್ತೋ ಇಲ್ಲವೋ, ನೆನಪಿನಲ್ಲಿ ಉಳಿಯುವುದಂತೂ ಅದೇ. ಆ ಹೊತ್ತಿನಲ್ಲಿ ಭಯ, ದುಃಖದ ಭಾಗ ಮಿದುಳಿನಲ್ಲಿ ಚುರುಕಾಗಿರುತ್ತದೆ. "ಇದು ಹೇಗೆ ಸಾಧ್ಯ?" ಅಂತ ಕೇಳುವ ಭಾಗ ಮಂಕಾಗಿರುತ್ತದೆ. ಅದಕ್ಕೇ ಕನಸಿನಲ್ಲಿ ಏನೇ ಕಂಡರೂ ನೂರಕ್ಕೆ ನೂರು ನಿಜ ಅನ್ನಿಸುವುದು.

ಅಂದರೆ, "ಅಷ್ಟು ನಿಜ ಅನ್ನಿಸಿತು, ಹಾಗಾಗಿ ನಡೆದದ್ದೇ ಇರಬೇಕು" ಅನ್ನುವ ವಾದ ನಿಲ್ಲುವುದಿಲ್ಲ. ನನಗೆ ಹೋದ ವಾರ ಬಿಎಂಟಿಸಿ ಬಸ್ಸಿನ ಡ್ರೈವರ್ ಸೀಟಲ್ಲಿ ನಮ್ಮ ಪಿಯು ಫಿಸಿಕ್ಸ್ ಮೇಷ್ಟ್ರು ಕೂತಿದ್ದರು. ಅದೂ ಪಕ್ಕಾ ನಿಜ ಅನ್ನಿಸಿತ್ತು.

ಹನುಮಂತನಗರ ಅತ್ತಿಗೆ (ಶನಿವಾರ, ಬೆಳಿಗ್ಗೆ 7:10)

ಜಯನಗರದವರೇ, ಮಿದುಳಿನ ಯಾವ ಭಾಗ ಕೆಲಸ ಮಾಡುತ್ತೆ ಅಂತ ಹೇಳಿದರೆ ಕನಸು ಎಲ್ಲಿಂದ ಬಂತು ಅಂತ ಹೇಳಿದ ಹಾಗಾಗುತ್ತಾ? ರೇಡಿಯೋ ಒಳಗಿನ ತಂತಿ ತೋರಿಸಿ ಹಾಡು ಹೇಳಿದ್ದು ಇದೇ ಅಂದಂಗಾಯ್ತು.

ನನ್ನ ಮಗ ಮೂರು ವರ್ಷದವನಿದ್ದಾಗ "ನನ್ನ ಇನ್ನೊಂದು ಮನೇಲಿ ಎಮ್ಮೆ ಇತ್ತು, ಅದು ನನ್ನ ಕಾಲು ತುಳೀತು" ಅಂತ ದಿನಾ ಹೇಳುತ್ತಿದ್ದ. ನಾವು ಎಮ್ಮೆ ತೋರಿಸಿಯೂ ಇರಲಿಲ್ಲ. ಆರು ವರ್ಷಕ್ಕೆ ಪೂರ್ತಿ ಮರೆತ. ಈಗ ಕೇಳಿದರೆ ನನಗೇ ಗೇಲಿ ಮಾಡುತ್ತಾನೆ.

ಇದು ನನ್ನ ಮನೆ ಕಥೆ ಮಾತ್ರ ಅಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಜೀವಮಾನವಿಡೀ ಇಂಥ ಮಕ್ಕಳನ್ನು ಹುಡುಕಿಕೊಂಡು ಓಡಾಡಿದರು. ಅವರ ವಿಭಾಗದಲ್ಲಿ 2,500ಕ್ಕೂ ಹೆಚ್ಚು ಪ್ರಕರಣ ಸೇರಿವೆ. ನಮ್ಮ ನಿಮ್ಹಾನ್ಸ್‌ನಲ್ಲೇ ಇದ್ದ ಮನೋವಿಜ್ಞಾನಿ ಸತ್ವಂತ್ ಪಸ್ರೀಚಾ ಸ್ಟೀವನ್‌ಸನ್ ಜೊತೆ ಕೆಲಸ ಮಾಡಿದರು. ಹೊಸೂರು ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಇದು ಗೊತ್ತಿಲ್ಲ.

ನಿದ್ದೆಗೆಟ್ಟ ಜಯನಗರ (ಶನಿವಾರ, ಬೆಳಿಗ್ಗೆ 9:30)

ಅತ್ತಿಗೆ, ರೇಡಿಯೋ ಮಾತು ಚೆನ್ನಾಗಿತ್ತು, ಒಪ್ಪಿದೆ. ಆದರೆ ಸ್ಟೀವನ್‌ಸನ್ ಕೆಲಸವನ್ನು ಪುಟ್ಟಿ ಮೇಡಂ ಕನಸಿಗೆ ತಂದು ಅಂಟಿಸಬೇಡಿ. ಅವರು ಹಿಂದೆ ಬಿದ್ದಿದ್ದು ಎರಡರಿಂದ ಐದು ವರ್ಷದ ಮಕ್ಕಳ ಹಿಂದೆ. ಆ ಮಕ್ಕಳು ಹಗಲು ಹೊತ್ತಿನಲ್ಲಿ, ಎಚ್ಚರವಿದ್ದಾಗ ಮಾತಾಡಿದ್ದು. ದೊಡ್ಡವರನ್ನು ಹಿಪ್ನಾಟಿಸಂ ಮಾಡಿ ಹೊರತೆಗೆದ ಪೂರ್ವಜನ್ಮದ ಮೇಲೆ ಅವರಿಗೇ ಅಷ್ಟು ಭರವಸೆ ಇರಲಿಲ್ಲ. ಜೊತೆಗೆ ಬಹಳಷ್ಟು ಪ್ರಕರಣಗಳಲ್ಲಿ ಸಂಶೋಧಕರು ಹೋಗುವ ಹೊತ್ತಿಗೆ ಎರಡೂ ಮನೆಯವರು ಭೇಟಿಯಾಗಿ, ಮಾತಾಡಿ, ಕಥೆ ಹದವಾಗಿ ಬೆಂದಿರುತ್ತಿತ್ತು. ಮಗು ಮೊದಲು ಹೇಳಿದ್ದೇನು, ಆಮೇಲೆ ಸೇರಿದ್ದೇನು ಅಂತ ಬೇರೆ ಮಾಡುವುದು ಹೇಗೆ?

ಪಸ್ರೀಚಾ ಅವರೇ ಕೇಳಿದ ಒಂದು ಪ್ರಶ್ನೆ ಇದೆ. ಇಂಥ ಪ್ರಕರಣ ಉತ್ತರ ಭಾರತದಲ್ಲಿ ಅಷ್ಟು ಸಿಗುತ್ತವೆ, ದಕ್ಷಿಣದಲ್ಲಿ ಯಾಕೆ ಇಷ್ಟು ಕಡಿಮೆ? ನಾವೇನು ಸತ್ತ ಮೇಲೆ ಉತ್ತರಕ್ಕೆ ವಲಸೆ ಹೋಗುತ್ತೇವಾ?

ರವೆ ಇಡ್ಲಿ (ಶನಿವಾರ, ಬೆಳಿಗ್ಗೆ 9:41)

ಅಲ್ಲಿಂದ ಇಲ್ಲಿಗೆ ಬರುತ್ತಾರೆ ಸಾರ್. ವೈಟ್‌ಫೀಲ್ಡಿಗೆ.

ಹನುಮಂತನಗರ ಅತ್ತಿಗೆ (ಶನಿವಾರ, ಬೆಳಿಗ್ಗೆ 10:05)

ನಗಿ ನಗಿ. ದೆಹಲಿಯ ಶಾಂತಿದೇವಿ ವಿಷಯ ಏನು ಹೇಳುತ್ತೀರಿ? 1926ರಲ್ಲಿ ಹುಟ್ಟಿದ ಹುಡುಗಿ. ಮಥುರಾದಲ್ಲಿ ನನ್ನ ಗಂಡ ಇದ್ದಾನೆ, ಹೆರಿಗೆ ಆದ ಮೇಲೆ ಸತ್ತೆ ಅಂತ ಹೇಳುತ್ತಿದ್ದಳು. ಗಾಂಧೀಜಿಯವರೇ ಆಸಕ್ತಿ ವಹಿಸಿದರು, 1935ರಲ್ಲಿ ಒಂದು ಸಮಿತಿ ಅವಳನ್ನು ಮಥುರಾಕ್ಕೆ ಕರೆದುಕೊಂಡು ಹೋಯಿತು. ಅವಳು ದಾರಿ ತೋರಿಸಿದಳು.

ಬಸವನಗುಡಿ ಮೇಷ್ಟ್ರು (ಶನಿವಾರ, ಬೆಳಿಗ್ಗೆ 11:30)

ಬೆಳಗಿನ ವಾಕಿಂಗ್ ಮುಗಿಸಿ ಬಂದು ಎಲ್ಲಾ ಓದಿದೆ. 34 ವರ್ಷ ಕನ್ನಡ ಪಾಠ ಮಾಡಿದವನು, ಸ್ವಲ್ಪ ಉದ್ದ ಆಗುತ್ತೆ, ಬೈಯಬೇಡಿ.

ಹಿಂದಿನ ಜನ್ಮ ನೆನಪಾಗುವವರಿಗೆ ನಮ್ಮಲ್ಲಿ ಜಾತಿಸ್ಮರರು ಅಂತ ಹೆಸರೇ ಇದೆ. ಇಲ್ಲಿ ಜಾತಿ ಅಂದರೆ ಹುಟ್ಟು. ಆದರೆ ನಮ್ಮ ಹಿರಿಯರು ಆ ನೆನಪನ್ನು ಕನಸಿನ ಬಾಗಿಲಿನಿಂದ ತಂದದ್ದು ನಾನು ಓದಿದ್ದರಲ್ಲಿ ಕಡಿಮೆ. ಪತಂಜಲಿ ಯೋಗಸೂತ್ರದ ಮೂರನೇ ಪಾದದಲ್ಲಿ, ಸಂಸ್ಕಾರಗಳನ್ನು, ಅಂದರೆ ಮನಸ್ಸಿನ ತಳದಲ್ಲಿ ಉಳಿದ ಹಳೇ ಅಚ್ಚುಗಳನ್ನು, ನೇರವಾಗಿ ಕಂಡುಕೊಂಡರೆ ಹಿಂದಿನ ಹುಟ್ಟು ತಿಳಿಯುತ್ತೆ ಅಂತಿದೆ. ಅದು ವರ್ಷಗಟ್ಟಲೆ ಕೂತು ಮಾಡುವ ಸಾಧನೆ. ಬೆಳಗಿನ ಜಾವ ಮಗ್ಗುಲು ಬದಲಿಸುವಾಗ ಬರುವಂಥದ್ದಲ್ಲ. ಗೀತೆಯಲ್ಲೂ ಅಷ್ಟೇ. "ನಿನಗೂ ನನಗೂ ಎಷ್ಟೋ ಜನ್ಮ ಆಗಿಹೋಗಿವೆ, ನನಗೆ ಗೊತ್ತು, ನಿನಗೆ ಗೊತ್ತಿಲ್ಲ" ಅನ್ನುತ್ತಾನೆ ಕೃಷ್ಣ. ಅರ್ಜುನನಿಗೇ ನೆನಪಿಲ್ಲ ಅಂದ ಮೇಲೆ ನಮ್ಮ ನಿಮ್ಮ ಪಾಡೇನು?

ಕನ್ನಡದಲ್ಲಿ ಇದರ ದೊಡ್ಡ ಖಜಾನೆ ಪಂಪನ ಆದಿಪುರಾಣ, ಕ್ರಿ.ಶ. 941. ಅಲ್ಲಿ ಶ್ರೀಮತಿ ಅನ್ನುವ ರಾಜಕುಮಾರಿ ಆಕಾಶದಲ್ಲಿ ಹೋಗುವ ದೇವತೆಗಳನ್ನು ಕಂಡು, ಹಿಂದಿನ ಜನ್ಮದ ಗಂಡ ಲಲಿತಾಂಗ ನೆನಪಾಗಿ ಮೂರ್ಛೆ ಹೋಗುತ್ತಾಳೆ. ಕಣ್ಣು ತೆರೆದುಕೊಂಡೇ ಇದ್ದಳು, ಗಮನಿಸಿ. ಆಮೇಲೆ ಮಾಡುವುದು ಇನ್ನೂ ಚೆಂದ. ಹಿಂದಿನ ಜನ್ಮವನ್ನು ಒಂದು ಪಟದಲ್ಲಿ ಬರೆಯುತ್ತಾಳೆ, ದಾದಿ ಅದನ್ನು ಜಿನಾಲಯಕ್ಕೆ ಒಯ್ದು ಬಂದವರಿಗೆಲ್ಲ ತೋರಿಸುತ್ತಾಳೆ. ಪಂಪ ಈ ಕಥೆ ಎತ್ತಿಕೊಂಡದ್ದು ಜಿನಸೇನರ ಸಂಸ್ಕೃತ ಪುರಾಣದಿಂದ. ಅಲ್ಲಿ "ನಾನೇ ಅವನು" ಅಂತ ಸುಳ್ಳು ಹೇಳಿಕೊಂಡು ಬಂದವರೂ ಇದ್ದಾರೆ! ಪಟದ ಗುಟ್ಟು ಕೇಳಿದರೆ ಅವರಿಗೆ ಉತ್ತರ ಬರುವುದಿಲ್ಲ. ಬಾಯಿಮಾತಿಗೆ ಬೆಲೆ ಇಲ್ಲ, ಪಟದ ಮುಂದೆ ನಿಲ್ಲು ಅಂತ ಸಾವಿರ ವರ್ಷದ ಹಿಂದೆಯೇ ಪರೀಕ್ಷೆ ಇಟ್ಟಿದ್ದರು.

ಕನಸಿನ ಮಾತಿಗೆ ಬಂದರೆ ಚರಕ ಸಂಹಿತೆ ನೋಡಬೇಕು. ಕನಸು ಏಳು ಥರ ಅನ್ನುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ಮೈಯಲ್ಲಿನ ದೋಷದಿಂದ ಹುಟ್ಟಿದ್ದು. ಮೊದಲ ಐದಕ್ಕೆ ಫಲವಿಲ್ಲ ಅಂತ ವೈದ್ಯರೇ ತಳ್ಳಿಹಾಕಿದ್ದಾರೆ. ಹಿಂದಿನ ಜನ್ಮದ್ದು ಅಂತ ಎಂಟನೇ ಸಾಲು ಇಲ್ಲ.

ಪುಟ್ಟಿಯವರೇ, "ಕೇಳಿದ್ದು" ಅನ್ನುವುದನ್ನು ಒಂದು ಸಲ ಯೋಚನೆ ಮಾಡಿ.

ಚಾಮರಾಜಪೇಟೆ ಪುಟ್ಟಿ (ಶನಿವಾರ, ಮಧ್ಯಾಹ್ನ 12:10)

ಮೇಷ್ಟ್ರೇ, ಎಷ್ಟು ಯೋಚಿಸಿದರೂ ನನಗೆ ಯಾರೂ ಹೇಳಿಲ್ಲ. ಅಮ್ಮ ಕಥೆ ಹೇಳುವವಳೇ ಅಲ್ಲ. ಅಜ್ಜಿ ಹೋದಾಗ ನನಗೆ ಐದು ವರ್ಷ. ಅಜ್ಜಿ ಅಂದರೆ ನನಗೆ ಮಡಿಲು, ಕೈತುತ್ತು, ನಶ್ಯದ ವಾಸನೆ, ಅಷ್ಟೇ.

ರವೆ ಇಡ್ಲಿ (ಶನಿವಾರ, ಮಧ್ಯಾಹ್ನ 1:25)

ಪೂರ್ವಜನ್ಮಕ್ಕೆ ದುಡ್ಡು ಕೊಟ್ಟು ಹೋಗಿ ಬಂದವನು ನಾನೊಬ್ಬನೇ ಇರಬೇಕು ಇಲ್ಲಿ. ಹೆಸರು ಹೇಳಲ್ಲ, ಒಂದು ಕಡೆ ರಿಗ್ರೆಷನ್, ಅಂದರೆ ಹಿಪ್ನಾಟಿಸಂ ಮಾಡಿ ಪೂರ್ವಜನ್ಮಕ್ಕೆ ಕರೆದುಕೊಂಡು ಹೋಗುವುದು, ಮಾಡುತ್ತಾರೆ ಅಂತ ಹೋದೆ. 6,500 ರೂಪಾಯಿ. ಮಂದ ಬೆಳಕು, ಚಂದನದ ಊದುಬತ್ತಿ, ಏಸಿ. ಮಲಗಿಸಿ, ಮೆಟ್ಟಿಲು ಇಳಿಯಿರಿ, ಇಳಿಯಿರಿ ಅಂದರು. "ಕಾಲಲ್ಲಿ ಏನಿದೆ?" ಅಂದರು. ಏನೂ ಕಾಣಲಿಲ್ಲ. "ಚಪ್ಪಲಿ ಇದೆಯಾ, ಬೂಟ್ ಇದೆಯಾ?" ಅಂದರು. ಬೂಟ್ ಅಂದೆ. "ಹಾಗಾದರೆ ಸೈನಿಕರಾ?" ಅಂದರು. ಹೌದು ಅಂದೆ. ಅಲ್ಲಿಂದ ಶುರುವಾಯ್ತು ನೋಡಿ, ಸಾರ್. ಕೋಟೆ, ಮದ್ದಿನ ಹೊಗೆ, ಗೋಡೆ ಒಡೆದು ನುಗ್ಗುವ ಜನ. ನಾನು ಟಿಪ್ಪು ಸುಲ್ತಾನನ ಕಡೆ ನಿಂತು ಹೊಡೆದಾಡಿ ಸತ್ತೆ. ಅತ್ತಿದ್ದೂ ನಿಜ. ಕಣ್ಣೀರು ಕಿವಿಗೆ ಇಳಿಯಿತು.

ಹೊರಗೆ ಬಂದು ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಆಮೇಲೆ ಒಂದು ದಿನ ಕೆ.ಆರ್. ಮಾರ್ಕೆಟ್ಟಿಗೆ ಹೂವು ತರಲು ಹೋದಾಗ ಕೋಟೆಯ ಹತ್ತಿರ ಕಲ್ಲಿನ ಫಲಕ ಕಣ್ಣಿಗೆ ಬಿತ್ತು. ಈ ಬಿರುಕಿನ ಮೂಲಕ ಬ್ರಿಟಿಷರು 1791ರ ಮಾರ್ಚ್ 21ರಂದು ಒಳಗೆ ನುಗ್ಗಿದರು ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಹತ್ತು ವರ್ಷದಿಂದ ಆ ದಾರಿಯಲ್ಲೇ ಓಡಾಡಿದ್ದೇನೆ. ಎಷ್ಟು ಸಲ ಓದಿದ್ದೆನೋ. ಇನ್ನೊಂದು ವಿಷಯ, ನಾಚಿಕೆ ಬಿಟ್ಟು ಹೇಳುತ್ತೇನೆ. ನನ್ನ ಪೂರ್ವಜನ್ಮದಲ್ಲಿ ನಾನು ಖಾಕಿ ಹಾಕಿದ್ದೆ.

ನಿದ್ದೆಗೆಟ್ಟ ಜಯನಗರ (ಶನಿವಾರ, ಮಧ್ಯಾಹ್ನ 1:40)

1791ರಲ್ಲಿ ಖಾಕಿ 😂

ನಗು ಪಕ್ಕಕ್ಕಿಡಿ, ಇದು ಗಂಭೀರ ವಿಷಯ. ಎಲಿಜಬೆತ್ ಲಾಫ್ಟಸ್ ಅಂತ ಅಮೆರಿಕದ ಮನೋವಿಜ್ಞಾನಿ. 1995ರಲ್ಲಿ 24 ಜನರಿಗೆ "ನೀವು ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ, ನಿಮ್ಮ ಮನೆಯವರು ಹೇಳಿದರು" ಅಂತ ಸುಳ್ಳು ಘಟನೆಯನ್ನು ನಿಜದ ಘಟನೆಗಳ ಜೊತೆ ಸೇರಿಸಿ ಕೊಟ್ಟರು. ಸುಮಾರು ಕಾಲು ಭಾಗ ಜನ ಅದನ್ನು ಪೂರ್ತಿಯೋ ಅರ್ಧವೋ "ನೆನಪಿಸಿಕೊಂಡರು". ಅದೂ ಊದುಬತ್ತಿ, ಮೆಟ್ಟಿಲು ಏನೂ ಇಲ್ಲದೆ.

ಬಸವನಗುಡಿ ಮೇಷ್ಟ್ರು (ಶನಿವಾರ, ಮಧ್ಯಾಹ್ನ 2:30)

ಫಲಕ ಅಂದದ್ದಕ್ಕೆ ನೆನಪಾಯಿತು. ನಮ್ಮ ಕರಾವಳಿಯ ಮೇಲೇ ಕಟ್ಟಿದ ಪೂರ್ವಜನ್ಮದ ಕಥೆ ಒಂದಿದೆ, ಇಲ್ಲಿ ಯಾರಿಗೂ ಗೊತ್ತಿರಲಾರದು. 1890ರ ದಶಕ, ಸ್ವಿಟ್ಜರ್ಲೆಂಡಿನ ಜಿನೀವಾ. ಎಲೆನ್ ಸ್ಮಿತ್ ಅನ್ನುವ ಸುಳ್ಳು ಹೆಸರಿನಲ್ಲಿ ಪ್ರಸಿದ್ಧಳಾದ ಒಬ್ಬ ಹೆಂಗಸು ಮೈಮರೆತ ಸ್ಥಿತಿಯಲ್ಲಿ ತನ್ನ ಹಿಂದಿನ ಜನ್ಮ ಹೇಳುತ್ತಿದ್ದಳು. ತಾನು ಅರಬ್ ಶೇಕನ ಮಗಳು, ಹಿಂದೂ ರಾಜ ಸಿವ್ರೂಕ ನಾಯಕನ ಹೆಂಡತಿ. ಗಂಡ 1401ರಲ್ಲಿ ಕೆನರಾದಲ್ಲಿ ಚಂದ್ರಗಿರಿ ಕೋಟೆ ಕಟ್ಟಿಸಿದ. ಅವನು ಸತ್ತಾಗ ತಾನು ಚಿತೆಗೆ ಏರಿದೆ. ಇಷ್ಟೆಲ್ಲ! ಸಂಸ್ಕೃತದಂಥದ್ದೇನೋ ಮಾತಾಡುತ್ತಿದ್ದಳು, ಭಾಷಾವಿಜ್ಞಾನಿ ಸೊಸ್ಯೂರ್ ಕೂಡ ಕೂತು ಕೇಳಿದರು.

ಮನೋವಿಜ್ಞಾನಿ ತೆಯೊಡೋರ್ ಫ್ಲೂರ್ನೊಯ್ ಬಿಡಲಿಲ್ಲ. ಹುಡುಕಿದರು. 1828ರಲ್ಲಿ ಅಚ್ಚಾದ ಫ್ರೆಂಚ್ ಭಾರತ ಇತಿಹಾಸವೊಂದರಲ್ಲಿ ಅದೇ ನಾಯಕ, ಅದೇ ಕೋಟೆ, ಅದೇ 1401 ಸಿಕ್ಕಿತು. ಆ ಪುಸ್ತಕ ಜಿನೀವಾದಲ್ಲೇ ಇತ್ತು. ಅವಳು ಮೋಸ ಮಾಡಿದಳು ಅಂತ ಫ್ಲೂರ್ನೊಯ್ ಹೇಳಲಿಲ್ಲ. ಎಲ್ಲೋ ಓದಿದ್ದು, ಕೇಳಿದ್ದು ತಳದಲ್ಲಿ ಉಳಿದು, ಮೂಲ ಮರೆತು, ತನ್ನದೇ ನೆನಪಾಗಿ ಎದ್ದು ಬಂತು ಅಂದರು.

ನನ್ನ ಊಹೆ ಬೇರೆ ಒಂದಿದೆ. ಕಾಸರಗೋಡಿನ ಚಂದ್ರಗಿರಿ ಕೋಟೆಯನ್ನು ನಮ್ಮವರು ಕೆಳದಿಯ ಶಿವಪ್ಪ ನಾಯಕನದು ಅನ್ನುತ್ತಾರೆ, ಅದು 17ನೇ ಶತಮಾನ. ಸಿವ್ರೂಕ ಅನ್ನುವುದು ಶಿವಪ್ಪನ ಹೆಸರೇ ಕೆಟ್ಟು ಬಂದದ್ದಿರಬೇಕು. ಹಾಗಿದ್ದರೆ ಆ ರಾಣಿ ಗಂಡನ ಕಾಲವನ್ನೇ ಇನ್ನೂರೈವತ್ತು ವರ್ಷ ತಪ್ಪು ನೆನಪಿಟ್ಟುಕೊಂಡಿದ್ದಳು, ಪುಸ್ತಕ ತಪ್ಪಿದ ಹಾಗೇ! ಕನ್ನಡ ಸೀಮೆಯಲ್ಲಿ ಸಂಸಾರ ಮಾಡಿದವಳಿಗೆ ಬಾಯಿಗೊಂದು ಕನ್ನಡದ ಮಾತು ಬರಬೇಡವೇ? ಸಂಸ್ಕೃತದಲ್ಲಿ ಯಾರು ಅಡುಗೆ ಮಾಡುತ್ತಿದ್ದರು ಅಲ್ಲಿ?

ಪೇಟೆ ಅಲೆಮಾರಿ (ಶನಿವಾರ, ಸಂಜೆ 6:15)

ಇವತ್ತು ಬೆಳಿಗ್ಗೆ ಬಳೇಪೇಟೆ, ಕಿಲಾರಿ ರಸ್ತೆ ಸುತ್ತಿ ಬಂದೆ, ಈಗ ಓದುತ್ತಿದ್ದೇನೆ. ಎಲ್ಲರೂ ಕನಸಿನ ಬಗ್ಗೆ ಮಾತಾಡುತ್ತಿದ್ದೀರಿ, ಕನಸಿನ ಒಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ. ಪುಟ್ಟಿ ಮೇಡಂ, ಆ ಹೆಂಚು ಯಾವುದು? ಚಪ್ಪಟೆ ಮಂಗಳೂರು ಹೆಂಚಾ, ಅಥವಾ ಬಿದಿರು ಸೀಳಿದ ಹಾಗೆ ಅರ್ಧ ಕೊಳವೆಯಂಥ ನಾಡ ಹೆಂಚಾ? ಮತ್ತೆ, ಆ ಹೆಂಚು ತೆಗೆಯುವವರು ಮನೆಯವರಾ, ಹೊರಗಿನವರಾ?

ಚಾಮರಾಜಪೇಟೆ ಪುಟ್ಟಿ (ಶನಿವಾರ, ಸಂಜೆ 6:40)

ಅರ್ಧ ಕೊಳವೆಯಂಥದ್ದೇ. ಕೈಯಿಂದ ಕೈಗೆ ಕೊಡುತ್ತಿದ್ದಾರೆ. ಹೊರಗಿನವರು. ಅವರನ್ನು ಕಂಡರೆ ನನಗೆ ಹೆದರಿಕೆ.

ಪೇಟೆ ಅಲೆಮಾರಿ (ಶನಿವಾರ, ಸಂಜೆ 7:20)

ಹಾಗಾದರೆ ಹೇಳಿಬಿಡುತ್ತೇನೆ. ನನಗೆ ಓದಿದ ಕೂಡಲೇ ಹೊಳೆದದ್ದು ಪ್ಲೇಗು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಪೇಟೆಯೊಳಗೆ ಇಕ್ಕಟ್ಟು ಮನೆ, ಕಿಟಕಿ ಇಲ್ಲದ ಅಡುಗೆಕೋಣೆ, ಅಟ್ಟದಲ್ಲಿ ಧಾನ್ಯ, ಧಾನ್ಯಕ್ಕೆ ಇಲಿ. ಇಲಿಯ ಮೈಮೇಲಿನ ಚಿಗಟದಿಂದ ಬರುತ್ತೆ ಅಂತ ಪಾಲ್ ಲೂಯಿ ಸಿಮೊಂ ಕರಾಚಿಯಲ್ಲಿ ತೋರಿಸಿದ್ದೂ ಅದೇ 1898ರಲ್ಲಿ, ಆದರೆ ಅದನ್ನು ಜನ ಒಪ್ಪಲು ವರ್ಷಗಳೇ ಹಿಡಿದವು. ಆಗಿನವರ ಲೆಕ್ಕದಲ್ಲಿ ಕಾಯಿಲೆ ಇರುವುದು ಕತ್ತಲಿನಲ್ಲಿ, ಕೆಟ್ಟ ಗಾಳಿಯಲ್ಲಿ. ಹಾಗಾಗಿ ಪ್ಲೇಗಿನ ಮನೆಯವರನ್ನು ಊರ ಹೊರಗಿನ ಶೆಡ್ಡುಗಳಿಗೆ ಕಳಿಸುವುದು, ಮನೆಯ ಛಾವಣಿ ತೆಗೆಸಿ ಬಿಸಿಲು ಬಿಡುವುದು ಆಗಿನ ಕ್ರಮಗಳಲ್ಲಿ ಸೇರಿತ್ತು. ಬೇವಿನ ಹೊಗೆ ಮನೆಮದ್ದು. ಹಳ್ಳಿಗಳಲ್ಲಿ "ಇಲಿ ಬಿತ್ತು" ಅಂದರೆ ಸಾಕು, ಊರೇ ಖಾಲಿ. ಬಸವನಗುಡಿ, ಮಲ್ಲೇಶ್ವರಗಳು ಅಷ್ಟು ಬೇಗ ತುಂಬಿಕೊಂಡದ್ದಕ್ಕೂ ಆ ಭಯ ಒಂದು ಕಾರಣ. ಊರಲ್ಲಿ ಇವತ್ತಿಗೂ ಪ್ಲೇಗಮ್ಮನ ಗುಡಿಗಳಿವೆ, ಪ್ಲೇಗು ಹೋಯಿತು, ಅಮ್ಮ ಉಳಿದಳು.

ಇನ್ನೊಂದು. ಅಡಕಲು ತಲೆಗಿಂತ ಎತ್ತರ ಅಂದಿರಿ. ಕನಸಿನಲ್ಲಿ ನೀವು ಮಗು.

ಚಾಮರಾಜಪೇಟೆ ಪುಟ್ಟಿ (ಶನಿವಾರ, ಸಂಜೆ 7:31)

ಮೈ ಜುಮ್ ಅಂತಿದೆ. ಇದನ್ನು ನಾನು ಇವತ್ತಿನ ತನಕ ಯೋಚಿಸಿಯೇ ಇರಲಿಲ್ಲ. ಹೌದು. ನಾನು ಮಗು.

ಹನುಮಂತನಗರ ಅತ್ತಿಗೆ (ಶನಿವಾರ, ಸಂಜೆ 7:35)

ಇನ್ನೇನು ಬೇಕು ಸಾಕ್ಷಿ? ಪ್ಲೇಗಿನಲ್ಲಿ ಹೋದ ಯಾವುದೋ ಮಗು. ಅರ್ಧಕ್ಕೆ ನಿಂತ ಆಯಸ್ಸು ಹೀಗೇ ನೆನಪಾಗುವುದು. ಸ್ಟೀವನ್‌ಸನ್ ಪ್ರಕರಣಗಳಲ್ಲೂ ಅಕಾಲ ಸಾವುಗಳೇ ಜಾಸ್ತಿ.

ವಿಲ್ಸನ್ ಗಾರ್ಡನ್ ಶಾಸ್ತ್ರ (ಶನಿವಾರ, ಸಂಜೆ 7:50)

*[ಈ ಕಾಮೆಂಟನ್ನು ತೆಗೆಯಲಾಗಿದೆ. ಫೋನ್ ನಂಬರ್, ಶಾಂತಿ ಹೋಮದ ರೇಟು ಹಾಕಬೇಡಿ. ಇದು ಮೂರನೇ ಸಲ. ನಿರ್ವಾಹಕರು]*

ನೈಟ್ ಡ್ಯೂಟಿ ಸಿಸ್ಟರ್ (ಶನಿವಾರ, ರಾತ್ರಿ 10:45)

ವಾರ್ಡು ಈಗ ತಣ್ಣಗಾಗಿದೆ, ಎರಡು ಮಾತು. ಅಕ್ಕ, ನನಗೆ ಪೂರ್ವಜನ್ಮ ಗೊತ್ತಿಲ್ಲ. ಆದರೆ ವರ್ಷಕ್ಕೆ ಎರಡು ಸಲ ಬೀಳುವ ಕನಸು ವಾರಕ್ಕೊಮ್ಮೆ ಆಗಿದೆ ಅಂದರೆ ಈ ಎರಡು ತಿಂಗಳಲ್ಲಿ ಏನೋ ಬದಲಾಗಿರುತ್ತದೆ. ಹೊಸ ಮಾತ್ರೆ ಶುರು ಮಾಡಿದಿರಾ? ಪ್ರೊಪ್ರನೊಲಾಲ್ ಥರದ ಬಿಪಿ, ಮೈಗ್ರೇನ್ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳಿಂದ ಕನಸು ಜೋರಾಗುತ್ತದೆ. ಕುಡಿತ ಒಮ್ಮೆಗೇ ಬಿಟ್ಟವರಿಗೂ ಹಾಗೇ. ನಮ್ಮ ವಾರ್ಡಿನಲ್ಲಿ ದಿನಾ ನೋಡುತ್ತೇವೆ. ಗೊರಕೆ ಜಾಸ್ತಿ ಇದ್ದು ಉಸಿರು ಕಟ್ಟುತ್ತಾ ಅಂತಲೂ ಮನೆಯವರನ್ನು ಕೇಳಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಮನೆಯಲ್ಲಿ ಏನಾದರೂ ಆಗಿದೆಯಾ?

ಚಾಮರಾಜಪೇಟೆ ಪುಟ್ಟಿ (ಶನಿವಾರ, ರಾತ್ರಿ 11:30)

ಮಾತ್ರೆ ಯಾವುದೂ ಇಲ್ಲ ಸಿಸ್ಟರ್.

ಮನೆ... ಹೇಳುತ್ತೇನೆ. ಅಮ್ಮ ಹೋದ ವರ್ಷ ತೀರಿಕೊಂಡಳು. ಚಾಮರಾಜಪೇಟೆ ಮನೆಯನ್ನು ಅಣ್ಣತಮ್ಮಂದಿರು ಬಿಲ್ಡರಿಗೆ ಕೊಟ್ಟರು. ಎರಡು ತಿಂಗಳ ಹಿಂದೆ ಕೆಡವುವ ಕೆಲಸ ಶುರುವಾಯಿತು. ನಾನು ಅಮ್ಮನ ಹಿತ್ತಾಳೆ ಪಾತ್ರೆ ತರಲು ಹೋಗಿದ್ದೆ. ಮೇಲೆ ಮೂರು ಜನ ಹುಡುಗರು ಮಂಗಳೂರು ಹೆಂಚು ತೆಗೆದು ಕೈಯಿಂದ ಕೈಗೆ ದಾಟಿಸುತ್ತಿದ್ದರು. ದೇವರಮನೆ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಇದನ್ನು ಟೈಪ್ ಮಾಡುವ ತನಕ ಎರಡಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆದಿಲ್ಲ ಅಂದರೆ ನಂಬುತ್ತೀರಾ?

ನೈಟ್ ಡ್ಯೂಟಿ ಸಿಸ್ಟರ್ (ಶನಿವಾರ, ರಾತ್ರಿ 11:42)

ನಂಬುತ್ತೇನೆ ಅಕ್ಕ. ನಿದ್ದೆ ಕೆಡುವಷ್ಟು ಹಿಂಸೆ ಆದರೆ ಒಂದು ದಾರಿ ಇದೆ. ಹಗಲಲ್ಲಿ ಕೂತು ಆ ಕನಸಿನ ಕೊನೆಯನ್ನು ನಿಮಗೆ ಬೇಕಾದ ಹಾಗೆ ಬದಲಿಸಿ ಬರೆಯಿರಿ, ದಿನಾ ಹತ್ತು ನಿಮಿಷ ಕಣ್ಣು ಮುಚ್ಚಿ ಹೊಸ ಕೊನೆಯನ್ನೇ ನೋಡಿಕೊಳ್ಳಿ. ಪದೇಪದೇ ಬೀಳುವ ಕೆಟ್ಟ ಕನಸಿಗೆ ಇದನ್ನು ಚಿಕಿತ್ಸೆಯಾಗಿಯೇ ಮಾಡಿಸುತ್ತಾರೆ. ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್, 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಈಗ ಬೆಲ್ ಆಗುತ್ತಿದೆ, ಹೊರಟೆ.

ನಿದ್ದೆಗೆಟ್ಟ ಜಯನಗರ (ಭಾನುವಾರ, ರಾತ್ರಿ 12:20)

ಕನಸು ಈಗ ಯಾಕೆ ಜಾಸ್ತಿ ಆಯಿತು ಅನ್ನುವುದಕ್ಕೆ ಉತ್ತರ ಸಿಕ್ಕಿತು. ಮೂವತ್ತು ವರ್ಷದ ಹಿಂದೆ ಎಲ್ಲಿಂದ ಶುರುವಾಯಿತು ಅನ್ನುವುದು ಹಾಗೇ ಉಳಿಯಿತು. ಮೇಡಂ, ಒಂದು ಕೆಲಸ ಮಾಡಿ. ಈಗ ಗೊತ್ತಿರುವಷ್ಟನ್ನೂ ಕಾಗದದಲ್ಲಿ ಬರೆದು ತಾರೀಖು ಹಾಕಿ. ಆಮೇಲೆ ಮನೆಯ ಹಿರಿಯರನ್ನು ಕೇಳಿ. ಪ್ಲೇಗು ಅನ್ನುವ ಪದ ನೀವು ಮೊದಲು ಎತ್ತಬೇಡಿ. ಮೇಷ್ಟ್ರು ಹೇಳಿದ ಪಟದ ಪರೀಕ್ಷೆ ಥರ. ಮೂರು ನಾಲ್ಕು ವರ್ಷಕ್ಕೆ ಮುಂಚೆ ಕೇಳಿದ್ದು "ಕೇಳಿದೆ" ಅಂತ ನೆನಪಿರುವುದಿಲ್ಲ, ಆದರೆ ಅಳಿಸಿಹೋಗಿದೆ ಅಂತಲೂ ಅಲ್ಲ.

ಹನುಮಂತನಗರ ಅತ್ತಿಗೆ (ಭಾನುವಾರ, ಬೆಳಿಗ್ಗೆ 8:00)

ಇದನ್ನು ನಾನೂ ಒಪ್ಪುತ್ತೇನೆ. ಕೇಳಿ ನೋಡಿ. ನಿಜ ಇದ್ದರೆ ಪರೀಕ್ಷೆಗೆ ಯಾಕೆ ಹೆದರಬೇಕು?

ಚಾಮರಾಜಪೇಟೆ ಪುಟ್ಟಿ (ಭಾನುವಾರ, ರಾತ್ರಿ 9:15)

ಗಿರಿನಗರಕ್ಕೆ ಹೋಗಿ ದೊಡ್ಡಮ್ಮನನ್ನು ನೋಡಿಕೊಂಡು ಬಂದೆ. ಅಮ್ಮನ ಅಕ್ಕ, 78 ವರ್ಷ, ಕಿವಿ ಸ್ವಲ್ಪ ಮಂದ, ಬಾಯಿ ಚುರುಕು. ಅವರೆಕಾಳು ಹಿದುಕುತ್ತಾ ಕೂತಿದ್ದಳು. ನಾನೂ ಕೈ ಹಾಕಿದೆ. ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಪ್ಲೇಗು ಅನ್ನಲಿಲ್ಲ. "ದೊಡ್ಡಮ್ಮ, ನನಗೊಂದು ಕನಸು ಬೀಳುತ್ತೆ, ಅಡುಗೆಮನೆ ಹೆಂಚು ತೆಗೀತಿರ್ತಾರೆ" ಅಂದೆ, ಅಷ್ಟೇ.

ಹಿದುಕುತ್ತಿದ್ದ ಕೈ ನಿಂತಿತು. "ನಿಂಗೂ ಬೀಳುತ್ತೇನೇ?" ಅಂದಳು.

ಅವಳಿಗೂ ಬೀಳುತ್ತಿತ್ತಂತೆ. ಮದುವೆ ಆಗುವ ತನಕ. ಅಡಕಲು, ಬಿಸಿಲು, ಗಂಟು ಕಟ್ಟುವ ಹೆಂಗಸು, ಎಲ್ಲಾ.

ಅದು ನನ್ನ ಮುತ್ತಜ್ಜಿಯ ಮನೆ. ತಿಗಳರಪೇಟೆ ಕಡೆ. ಪ್ಲೇಗಿನ ವರ್ಷ ಅವಳಿಗೆ ಎಂಟು ವರ್ಷ. ಹೆಂಚು ತೆಗೆಯುವವರು ಬಂದಾಗ ಅವಳ ತಾಯಿ ಕೈ ಹಿಡಿದು ಎಳೆದುಕೊಂಡು ಹೋಗಿದ್ದಳಂತೆ. ಅವಳು ಸಾಯಲಿಲ್ಲ, ಅತ್ತಿಗೆ. 1956ರ ತನಕ ಇದ್ದಳು. ದೊಡ್ಡಮ್ಮನಿಗೆ ಅವಳೇ ಬಾಯಾರೆ ಹೇಳಿದ್ದು. ನನಗೆ ಹೇಳಿದ್ದು ನಮ್ಮಜ್ಜಿ. "ನೀನು ಅನ್ನ ಬಾಯಲ್ಲಿಟ್ಕೊಂಡು ನುಂಗ್ತಾನೇ ಇರಲಿಲ್ಲ ಕಣೇ. ಅವಳು ತುತ್ತು ಹಿಡ್ಕೊಂಡು 'ಹೆಂಚು ತೆಗ್ಯೋರು ಬಂದ್ರು, ಬೇಗ ನುಂಗು, ಹಿಂದೆ ನೋಡಬೇಡ' ಅಂತ ಹೆದರಿಸ್ತಿದ್ದಳು. ನಿಮ್ಮಮ್ಮ ಬೈತಿದ್ದಳು, ಮಗೂಗೆ ಅದ್ಯಾಕೆ ಹೇಳ್ತೀಯ ಅಂತ."

ನಮ್ಮಮ್ಮ ಯಾಕೆ ಯಾವ ಕಥೆಯನ್ನೂ ಹೇಳುತ್ತಿರಲಿಲ್ಲ ಅಂತ ಇವತ್ತು ಅರ್ಥ ಆಯಿತು.

ಬಸವನಗುಡಿ ಮೇಷ್ಟ್ರು (ಭಾನುವಾರ, ರಾತ್ರಿ 9:28)

ಕೇಳಿದ್ದು. ಏಳರಲ್ಲಿ ಎರಡನೆಯದು.

ಹನುಮಂತನಗರ ಅತ್ತಿಗೆ (ಭಾನುವಾರ, ರಾತ್ರಿ 9:50)

ಸರಿ, ಸೋತೆ ಅಂತಲೇ ಇಟ್ಟುಕೊಳ್ಳಿ. ಆದರೂ ಕೇಳುತ್ತೇನೆ. ಅಜ್ಜಿ ನೂರು ಕಥೆ ಹೇಳಿರುತ್ತಾಳೆ. ಇದೊಂದೇ ಯಾಕೆ ಕೂತುಕೊಂಡಿತು? ಮುತ್ತಜ್ಜಿಯೇ ಪುಟ್ಟಿಯಾಗಿ ಹುಟ್ಟಿಲ್ಲ ಅಂತ ಹೇಗೆ ಹೇಳುತ್ತೀರಿ?

ಚಾಮರಾಜಪೇಟೆ ಪುಟ್ಟಿ (ಭಾನುವಾರ, ರಾತ್ರಿ 10:20)

ಅತ್ತಿಗೆ, ಇದನ್ನು ನಾನೂ ದೊಡ್ಡಮ್ಮನಿಗೆ ಕೇಳಿದೆ. "ನಾನೇ ಮುತ್ತಜ್ಜಿ ಇರಬಹುದಾ?" ಅಂತ. ಅವಳು ಬಿದ್ದುಬಿದ್ದು ನಕ್ಕಳು. "ನಂಗೆ ಈ ಕನಸು ಶುರುವಾದಾಗ ಅವಳು ಪಕ್ಕದ ಚಾಪೇಲೇ ಗೊರಕೆ ಹೊಡೀತಿದ್ದಳು. ಇರೋರು ಹೆಂಗೆ ಇನ್ನೊಬ್ಬರಾಗಿ ಹುಟ್ಟುತ್ತಾರೆ? ಹೋಗೇ" ಅಂದಳು.

ಆಮೇಲೆ ಇಬ್ಬರೂ ಕೂತು ಕನಸನ್ನು ಹೊಂದಿಸಿ ನೋಡಿದೆವು. ಒಲೆ ಅವಳಿಗೆ ಬಲಗಡೆ, ನನಗೆ ಎಡಗಡೆ. ಅವಳ ಕನಸಿನಲ್ಲಿ ಒರಳುಕಲ್ಲು ಇದೆ, ನನ್ನದರಲ್ಲಿ ಇಲ್ಲ. ಹೆಂಗಸಿನ ಮುಖ ಇಬ್ಬರಿಗೂ ಕಂಡಿಲ್ಲ. ಬೇವಿನ ಹೊಗೆ ಇಬ್ಬರಿಗೂ ಇದೆ. ಚೀಟಿ ತೆಗೆದು ಒಂದೊಂದಾಗಿ ಓದಿದೆ, ಅವಳು ಹೂಂ, ಹೂಂ ಅಂದಳು. ಬೆಕ್ಕು ಬಂದಾಗ ತಲೆ ಆಡಿಸಿದಳು.

"ಬೆಕ್ಕು ಇರಲಿಲ್ಲ. ಚಾಮರಾಜಪೇಟೆ ಮನೇಲಿ ಒಂದು ಕಂದು ಬೆಕ್ಕು ಸಾಕಿದ್ರಿ, ಬಚ್ಚಲ ಹೆಂಚಿನ ಮೇಲೆ ಮಲಗ್ತಿತ್ತು. ಅದು ನಿಂದು" ಅಂದು ಅವರೆಕಾಳಿನ ಮೊರ ನನ್ನ ಕಡೆ ತಳ್ಳಿದಳು.